ಗಿರಕಿ ಹೊಡೆಸಿದ ಮಾತ್ರಕ್ಕೆ ರಿಯಲ್ ಅಲ್ಲ: ಕಾರ್ ಹ್ಯಾಂಡ್ಲಿಂಗ್ ನೋಡಿ ರೇಸಿಂಗ್ ಸಿಮ್ ಆರಿಸುವುದು ಹೇಗೆ

ಯಾವ ರೇಸಿಂಗ್ ಗೇಮ್‌ನಲ್ಲಿ ಕಾರಿನ ಹ್ಯಾಂಡ್ಲಿಂಗ್ ಹೆಚ್ಚು ರಿಯಲ್ ಅಂತ ಕೇಳಿದರೆ, ಬಹಳ ಜನ ತಮ್ಮನ್ನು ಜಾಸ್ತಿ ಸಲ ಗೋಡೆಗೆ ಗುದ್ದಿಸಿದ ಗೇಮ್‌ನ ಹೆಸರು ಹೇಳುತ್ತಾರೆ. ಆಕ್ಸಿಲರೇಟರ್ ಚೂರು ಒತ್ತಿದರೆ ಕಾರು ಗಿರಕಿ ಹೊಡೆಯಬೇಕು, ಬ್ರೇಕ್ ಮುಟ್ಟಿದ ಕೂಡಲೇ ಚಕ್ರ ಲಾಕ್ ಆಗಬೇಕು, ಹಾಗಿದ್ದರೆ ಮಾತ್ರ ಅದು ಅಸಲಿ ಸಿಮ್, ಅಂದರೆ ನಿಜವಾದ ಕಾರನ್ನು ಅನುಕರಿಸುವ ಸಿಮ್ಯುಲೇಟರ್. ಉಳಿದದ್ದೆಲ್ಲ ಮಕ್ಕಳಾಟ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ನಿಜವಾದ ಕಾರು ಅಷ್ಟು ಸುಲಭಕ್ಕೆ ಕೈಕೊಡುವುದಿಲ್ಲ, ಕೊಡುವ ಮುಂಚೆ ಸಾಕಷ್ಟು ಸಲ ಎಚ್ಚರಿಸುತ್ತದೆ. ಸ್ಟೀರಿಂಗ್ ಹಗುರಾಗುತ್ತದೆ, ಟೈರ್ ಕಿರುಗುಟ್ಟುತ್ತದೆ, ಕೂತ ಸೀಟು ಪಕ್ಕಕ್ಕೆ ಸರಿದ ಹಾಗೆ ಆಗುತ್ತದೆ. ಈ ಎಚ್ಚರಿಕೆ ಯಾವುದೂ ಇಲ್ಲದೆ ದಿಢೀರ್ ಅಂತ ನಿಮ್ಮನ್ನು ಹುಲ್ಲಿಗೆ ಎಸೆಯುವ ಗೇಮ್ ಕಷ್ಟ ಇರಬಹುದು, ರಿಯಲ್ ಅಂತೂ ಅಲ್ಲ.

ಈ ನಂಬಿಕೆ ಹುಟ್ಟಿದ್ದಕ್ಕೆ ಹಳೆಯ ಕಾರಣವೂ ಇರಬಹುದು. 1998ರಲ್ಲಿ ಪಪೈರಸ್ ಅನ್ನುವ ಕಂಪನಿಯ ಗ್ರ್ಯಾಂಡ್ ಪ್ರಿ ಲೆಜೆಂಡ್ಸ್ ಗೇಮ್ ಬಂತು. ಅದರಲ್ಲಿದ್ದದ್ದು 1967ರ ಫಾರ್ಮುಲಾ ಒನ್ ಕಾರುಗಳು. ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆ ಇಲ್ಲ, ಟೈರ್‌ನಲ್ಲಿ ಹಿಡಿತ ಕಮ್ಮಿ, ಎಂಜಿನ್ ಮಾತ್ರ ರಾಕ್ಷಸ. ಫಿಸಿಕ್ಸ್, ಅಂದರೆ ಕಾರು ಹೇಗೆ ಚಲಿಸಬೇಕು ಅನ್ನುವ ಗೇಮ್ ಒಳಗಿನ ಲೆಕ್ಕ, ಆ ಕಾಲಕ್ಕೆ ಬಹಳ ಮುಂದಿತ್ತು, ಜೊತೆಗೆ ಓಡಿಸುವುದು ವಿಪರೀತ ಕಷ್ಟವೂ ಆಗಿತ್ತು. ಆ ಕಷ್ಟ ಬಂದದ್ದು ಆ ಕಾರುಗಳಿಂದ. ಜನ ಮಾತ್ರ ಕಷ್ಟ ಮತ್ತು ರಿಯಲ್ ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟರು.

ಹಾಗಾಗಿ ಗೇಮ್‌ಗಳನ್ನು ಹೋಲಿಸುವಾಗ ನಾನು ನೋಡುವುದು ಎರಡೇ ವಿಷಯ. ಗ್ರಿಪ್ (ನೆಲದ ಮೇಲೆ ಟೈರ್‌ನ ಹಿಡಿತ) ಹೋಗುವ ಮುಂಚೆ ಕಾರು ಏನಾದರೂ ಹೇಳುತ್ತದಾ? ಹೋದ ಗ್ರಿಪ್ ವಾಪಸ್ ಬರುವುದು ಹೇಗೆ? ಮೊದಲು ಇದರ ಹಿಂದಿನ ಕಥೆ ಸ್ವಲ್ಪ ನೋಡೋಣ, ಆಮೇಲೆ ಒಂದೊಂದೇ ಗೇಮ್‌ಗೆ ಬರೋಣ.

ಟೈರ್ ಒಳಗೆ ಏನಾಗುತ್ತದೆ

ತಿರುವಿನಲ್ಲಿ ಟೈರ್ ಮುಖ ಮಾಡಿರುವ ದಿಕ್ಕು ಒಂದು, ಅದು ನಿಜವಾಗಿ ಸಾಗುತ್ತಿರುವ ದಿಕ್ಕು ಇನ್ನೊಂದು. ಎರಡರ ನಡುವಿನ ಕೋನಕ್ಕೆ ಸ್ಲಿಪ್ ಆಂಗಲ್ ಅನ್ನುತ್ತಾರೆ. ಈ ಕೋನ ಸೊನ್ನೆ ಇದ್ದರೆ ಟೈರ್ ಪಕ್ಕಕ್ಕೆ ಎಳೆಯುವುದೇ ಇಲ್ಲ. ಅಂದರೆ ಕಾರು ತಿರುಗಬೇಕಾದರೆ ಟೈರ್ ಸ್ವಲ್ಪ ಓರೆಯಾಗಿ ಸಾಗಲೇಬೇಕು. ಕೋನ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಸಾಮಾನ್ಯ ರಸ್ತೆ ಟೈರ್‌ನಲ್ಲಿ ಸುಮಾರು 6 ರಿಂದ 10 ಡಿಗ್ರಿ ಹತ್ತಿರ ತುದಿ ಮುಟ್ಟುತ್ತದೆ, ರೇಸಿನ ಸ್ಲಿಕ್ (ಗೆರೆಗಳಿಲ್ಲದ ನುಣುಪು) ಟೈರ್‌ನಲ್ಲಿ ಅದಕ್ಕಿಂತ ಬೇಗ. ತುದಿ ದಾಟಿದ ಮೇಲೆ ಹಿಡಿತ ಪೂರ್ತಿ ಮಾಯವಾಗುವುದಿಲ್ಲ, ಇಳಿಯುತ್ತಾ ಹೋಗುತ್ತದೆ ಅಷ್ಟೇ. ಗೇಮ್‌ಗಳ ನಡುವಿನ ಜಗಳವೆಲ್ಲ ಈ ಇಳಿಜಾರಿನ ಬಗ್ಗೆಯೇ.

ಯಾಕೆ ಅಂತ ಹೇಳುತ್ತೇನೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿದ್ದ ಹ್ಯಾನ್ಸ್ ಪಸೇಕಾ 1980ರ ದಶಕದಲ್ಲಿ ಜೊತೆಗಾರರೊಂದಿಗೆ ಒಂದು ಸೂತ್ರ ಕಟ್ಟಿದರು. ಅದಕ್ಕೆ ಮ್ಯಾಜಿಕ್ ಫಾರ್ಮುಲಾ ಅಂತಲೇ ಹೆಸರು. ಯಂತ್ರದ ಮೇಲೆ ಟೈರ್ ಉರುಳಿಸಿ ಅಳೆದ ಅಂಕಿಗಳಿಗೆ ಹೊಂದುವ ಹಾಗೆ ಒಂದು ಗೆರೆ ಎಳೆದುಕೊಡುವ ಸೂತ್ರ ಅದು. ಕಾರು ಕಂಪನಿಗಳೂ ಬಳಸುತ್ತವೆ, ಗೇಮ್‌ಗಳೂ ಬಳಸಿವೆ. ತೊಂದರೆ ಏನು ಅಂದರೆ, ಅಳತೆ ಇರುವ ಕಡೆ ಗೆರೆ ಸರಿಯಾಗಿ ಕೂರುತ್ತದೆ, ಅಳತೆ ಇಲ್ಲದ ಕಡೆ ಅದು ಬರೀ ಅಂದಾಜು. ಹಿಡಿತದ ತುದಿ ದಾಟಿ ಕಾರು ಅಡ್ಡಡ್ಡ ಜಾರುತ್ತಿರುವಾಗ, ರಬ್ಬರ್ ಕಾದು ಕೆಂಡವಾಗಿರುವಾಗ, ಅಂಕಿಗಳು ಸಿಗುವುದು ಕಷ್ಟ. ಅಲ್ಲಿ ಗೇಮ್ ಮಾಡಿದವರ ತೀರ್ಮಾನವೇ ನಡೆಯುತ್ತದೆ. ಅದಕ್ಕೇ ಟೈರ್ ಕಚ್ಚಿಕೊಂಡಿರುವ ತನಕ ಒಳ್ಳೆಯ ಸಿಮ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಅನಿಸುತ್ತವೆ, ಜಾರಲು ಶುರುವಾದ ಮೇಲೆ ಒಂದೊಂದರದ್ದು ಒಂದೊಂದು ದಾರಿ.

ಇನ್ನು ಸ್ಟೀರಿಂಗ್. ಮುಂದಿನ ಚಕ್ರ ತಿರುಗಿಸಿ ಹಿಡಿದಾಗ ಅದು ವಾಪಸ್ ನೇರವಾಗಲು ಎಳೆಯುತ್ತದಲ್ಲ, ಆ ಎಳೆತದ ಒಂದು ಪಾಲು ಬರುವುದು ಟೈರ್ ರಬ್ಬರ್ ನೆಲದ ಮೇಲೆ ತಿರುಚಿಕೊಳ್ಳುವುದರಿಂದ. ಮಜಾ ಏನು ಗೊತ್ತಾ, ಈ ಪಾಲು ಗ್ರಿಪ್‌ಗಿಂತ ಮುಂಚೆಯೇ ತುದಿ ಮುಟ್ಟಿ ಇಳಿಯಲು ಶುರುಮಾಡುತ್ತದೆ. ಅಂದರೆ ಮುಂದಿನ ಟೈರ್‌ನಲ್ಲಿ ಇನ್ನೂ ಚೂರು ಹಿಡಿತ ಬಾಕಿ ಇರುವಾಗಲೇ ಕೈಯಲ್ಲಿ ಸ್ಟೀರಿಂಗ್ ಹಗುರಾಗುತ್ತದೆ. ವೇಗದ ಡ್ರೈವರ್‌ಗಳು ಓಡಿಸುವುದೇ ಈ ಸಣ್ಣ ಸಂದಿನಲ್ಲಿ. ಗೇಮ್ ಇದನ್ನು ಟೈರ್ ಲೆಕ್ಕದಿಂದಲೇ ತೆಗೆದು ನಿಮ್ಮ ವೀಲ್‌ಗೆ (ಗೇಮ್ ಆಡುವ ಸ್ಟೀರಿಂಗ್‌ಗೆ) ಕಳಿಸಿದರೆ ಚೆನ್ನ. ಲೆಕ್ಕಕ್ಕೆ ಸಂಬಂಧವಿಲ್ಲದೆ ಸುಮ್ನೆ ಗಡಗಡ ಅಲುಗಾಡಿಸಿದರೆ ಅದು ಬರೀ ಗದ್ದಲ.

ಇನ್ನೊಂದು ವಿಷಯ ತೂಕ. 1200 ಕಿಲೋ ಕಾರು, ಮುಂದೆ ಹಿಂದೆ ಸಮ ಪಾಲು, ತಲಾ 600 ಅಂದುಕೊಳ್ಳಿ. ಚಕ್ರಗಳ ನಡುವೆ ಎರಡೂವರೆ ಮೀಟರ್ ಅಂತರ, ತೂಕದ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ. 1 ಜಿ ಲೆಕ್ಕದಲ್ಲಿ, ಅಂದರೆ ಗುರುತ್ವಾಕರ್ಷಣೆಯಷ್ಟೇ ಜೋರಾಗಿ ವೇಗ ಇಳಿಯುವ ಹಾಗೆ, ಬ್ರೇಕ್ ಒತ್ತಿದರೆ 240 ಕಿಲೋ ಭಾರ ಮುಂದಕ್ಕೆ ಹೋಗುತ್ತದೆ. ಈಗ ಮುಂದೆ 840, ಹಿಂದೆ ಬರೀ 360. ಅದೇ ಹೊತ್ತಿಗೆ ಸ್ಟೀರಿಂಗ್ ತಿರುಗಿಸಿದರೆ ಹಿಂಭಾಗ ಯಾಕೆ ಕಿತ್ತುಕೊಂಡು ಬರುತ್ತದೆ ಅಂತ ಬೇರೆ ಹೇಳಬೇಕಾ? ಇದರ ಮೇಲೆ ಇನ್ನೊಂದು ತಿರುವು ಇದೆ. ಟೈರ್ ಮೇಲಿನ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟು ಆಗುವುದಿಲ್ಲ, ಅದಕ್ಕಿಂತ ಸ್ವಲ್ಪ ಕಮ್ಮಿಯೇ ಹೆಚ್ಚುತ್ತದೆ. ಸಸ್ಪೆನ್ಷನ್, ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ಸೆಟಪ್ ಎಲ್ಲ ನಿಂತಿರುವುದು ಇದರ ಮೇಲೆ. ಹಿಂದಿನ ಆ್ಯಂಟಿ ರೋಲ್ ಬಾರ್ ಗಟ್ಟಿ ಮಾಡಿದರೂ ಕಾರಿನ ಬುದ್ಧಿ ಬದಲಾಗದ ಗೇಮ್ ಇದ್ದರೆ ಅನುಮಾನ ಪಡಿ.

ಹರ್ಟ್ಸ್ ಲೆಕ್ಕದ ಜಗಳ ಬೇಗ ಮುಗಿಸಿಬಿಡುತ್ತೇನೆ. ಮುಂದೆ ಬರುವ ಗೇಮ್‌ಗಳ ಪೈಕಿ ಅಸೆಟ್ಟೊ ಕೋರ್ಸಾದ ಫಿಸಿಕ್ಸ್ ಸೆಕೆಂಡಿಗೆ 333 ಸಲ, ಐರೇಸಿಂಗ್‌ನದ್ದು 360 ಸಲ, ಬೀಮ್‌ಎನ್‌ಜಿಯದ್ದು 2000 ಸಲ ಓಡುತ್ತದೆ. ಇದನ್ನು ಹಿಡಿದುಕೊಂಡು ಯಾವುದು ಮೇಲು ಅಂತ ವಾದ ಮಾಡುವವರು ಇದ್ದಾರೆ. ಲೆಕ್ಕ ಎಷ್ಟು ಸಲ ಮಾಡಿದರು ಅನ್ನುವುದು ಅದರಿಂದ ಗೊತ್ತಾಗುತ್ತದೆ, ಸರಿ ಮಾಡಿದರಾ ಅನ್ನುವುದಲ್ಲ.

ನೀವೇ ಮಾಡಬಹುದಾದ ಪರೀಕ್ಷೆ

ಬೇರೆ ಬೇರೆ ಗೇಮ್‌ನಲ್ಲಿ ಬೇರೆ ಬೇರೆ ಕಾರು ಓಡಿಸಿ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಮಾಜ್ದಾ ಎಂಎಕ್ಸ್-5 ತೆಗೆದುಕೊಳ್ಳಿ, ಅಮೆರಿಕದ ಲಗುನಾ ಸೆಕಾ ರೇಸ್ ಟ್ರ್ಯಾಕ್‌ಗೆ ಹೋಗಿ. ಈ ಜೋಡಿ ಅಸೆಟ್ಟೊ ಕೋರ್ಸಾ, ಐರೇಸಿಂಗ್, ಗ್ರ್ಯಾನ್ ಟುರಿಸ್ಮೊ 7 ಮೂರರಲ್ಲೂ ಸಿಗುತ್ತದೆ. ಎಂಎಕ್ಸ್-5ರ ಹಲವು ತಲೆಮಾರು ಇವೆ, ಟೈರೂ ಬೇರೆ ಬೇರೆ ಇರುತ್ತವೆ, ಆದಷ್ಟು ಹತ್ತಿರದ್ದನ್ನು ಆರಿಸಿ. ಹಗುರ ಕಾರು, ಹಿಂದಿನ ಚಕ್ರಕ್ಕೆ ಪವರ್, ಪವರೂ ಜಾಸ್ತಿ ಇಲ್ಲ. ಹೊಸಬರೂ ಹಿಡಿದು ನಿಲ್ಲಿಸಬಹುದಾದ ಕಾರು ಅಂತಲೇ ಅದಕ್ಕೆ ಹೆಸರು. ಎಲ್ಲ ಅಸಿಸ್ಟ್‌ಗಳನ್ನು (ಓಡಿಸಲು ಗೇಮ್ ಕೊಡುವ ಸಹಾಯಗಳನ್ನು) ಆಫ್ ಮಾಡಿ.

ಮೊದಲು ಎರಡನೇ ತಿರುವಿನ ಹೇರ್‌ಪಿನ್‌ನಲ್ಲಿ (ಯು ಆಕಾರದ ತಿರುವಿನಲ್ಲಿ) ಆಕ್ಸಿಲರೇಟರ್ ಒಂದೇ ಸಮ ಹಿಡಿದು, ಬೇಕಾದ್ದಕ್ಕಿಂತ ಜಾಸ್ತಿ ಸ್ಟೀರಿಂಗ್ ತಿರುಗಿಸಿ. ಕಾರಿನ ಮೂತಿ ಹೊರಕ್ಕೆ ಸರಿಯಬೇಕು, ಕೈಗೆ ಸ್ಟೀರಿಂಗ್ ಸಪ್ಪೆ ಅನಿಸಬೇಕು. ಈಗ ತಿರುಗಿಸಿದ ಸ್ಟೀರಿಂಗ್ ಸ್ವಲ್ಪ ವಾಪಸ್ ಬಿಡಿ. ಹಿಡಿತ ವಾಪಸ್ ಬರಬೇಕು, ಅದು ಬಂದದ್ದು ಕೈಗೂ ತಿಳಿಯಬೇಕು. ಜಾಸ್ತಿ ತಿರುಗಿಸಿದಷ್ಟೂ ಕಾರು ಜಾಸ್ತಿ ತಿರುಗುತ್ತಾ ಹೋದರೆ ಒಳಗೆ ಯಾರೋ ಗುಟ್ಟಾಗಿ ಸಹಾಯ ಮಾಡುತ್ತಿದ್ದಾರೆ ಅಂತ ಅರ್ಥ.

ಆಮೇಲೆ ಅದೇ ಟ್ರ್ಯಾಕ್‌ನ ಕಾರ್ಕ್‌ಸ್ಕ್ರೂ ಅನ್ನುವ ತಿರುವು. ಅಲ್ಲಿ ಸುಮಾರು 137 ಮೀಟರ್ ದೂರದಲ್ಲಿ ಟ್ರ್ಯಾಕ್ 18 ಮೀಟರ್ ಕೆಳಕ್ಕೆ ಬೀಳುತ್ತದೆ. ತುದಿಯಲ್ಲಿ ಕಾರು ಹಗುರಾಗಬೇಕು, ಕೆಳಗೆ ಸಸ್ಪೆನ್ಷನ್ ಕುಗ್ಗಿ ಭಾರ ಕೂರಬೇಕು. ಅದಾದ ಮೇಲಿನ ಇಳಿಜಾರಿನ ಎಡ ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಪಟ್ಟನೆ ಕಾಲು ತೆಗೆಯಿರಿ. ಭಾರ ಮುಂದಕ್ಕೆ ಹೋಗಿ ಹಿಂಭಾಗ ಜಾರಲು ನೋಡಬೇಕು, ಬೇಗ ಎದುರು ದಿಕ್ಕಿಗೆ ಸ್ಟೀರಿಂಗ್ ಕೊಟ್ಟರೆ ಹತೋಟಿಗೆ ಸಿಗಬೇಕು. ಏನೂ ಆಗದೇ ಇದ್ದರೆ ಅದು ಆರ್ಕೇಡ್, ಅಂದರೆ ಬರೀ ಮಜಾಕ್ಕೆ ಮಾಡಿದ ಸುಲಭದ ಆಟ. ಏನು ಮಾಡಿದರೂ ಸಿಗದೆ ಸುತ್ತಿಬಿಟ್ಟರೆ, ಈ ಕಾರಿನ ಮಟ್ಟಿಗೆ, ಅದೂ ಸುಳ್ಳೇ.

ನಿಂತಲ್ಲಿಂದ ಹೊರಡುವಾಗ, ಪಾರ್ಕಿಂಗ್ ವೇಗದಲ್ಲಿ ಹ್ಯಾಂಡ್ಲಿಂಗ್ ವಿಚಿತ್ರ ಅನಿಸಿದರೆ ಅದಕ್ಕೆ ಜಾಸ್ತಿ ಅಂಕ ಕಳೆಯಬೇಡಿ. ಟೈರ್ ಜಾರುವ ಪ್ರಮಾಣ ಹುಡುಕುವಾಗ ಕಾರಿನ ವೇಗದಿಂದ ಭಾಗಿಸಬೇಕಾಗುತ್ತದೆ. ವೇಗ ಸೊನ್ನೆ ಹತ್ತಿರ ಬಂದರೆ ಆ ಲೆಕ್ಕವೇ ತಲೆಕೆಳಗಾಗುತ್ತದೆ. ಅದಕ್ಕೇನೋ ತೇಪೆ ಹಾಕಿರುತ್ತಾರೆ.

ಈಗ ಗೇಮ್‌ಗಳು

ವೀಲ್ ಇದೆ, ಪಿಸಿ ಇದೆ, ಒಂಟಿಯಾಗಿ ಕೂತು ಬೇರೆ ಬೇರೆ ಕಾರಿನ ರುಚಿ ನೋಡಬೇಕು ಅನ್ನುವವರು ಬೇರೆ ಯೋಚನೆ ಮಾಡದೆ ಅಸೆಟ್ಟೊ ಕೋರ್ಸಾ ತೆಗೆದುಕೊಳ್ಳಿ. ಇಟಲಿಯ ಕುನೋಸ್ ಸಿಮ್ಯುಲಾಜಿಯೋನಿ ಇದನ್ನು 2014ರಲ್ಲಿ ಬಿಡುಗಡೆ ಮಾಡಿತು. ಇಷ್ಟು ಹಳೆಯದಾದರೂ ಸಾಧಾರಣ ರಸ್ತೆ ಕಾರಿನ ಮೈಭಾಷೆಯನ್ನು ಇದರಷ್ಟು ಚೆನ್ನಾಗಿ ಹೇಳುವ ಗೇಮ್ ಕಮ್ಮಿ. ಎಂಎಕ್ಸ್-5 ಮತ್ತು ಪೋರ್ಷೆ 911 ಒಂದಾದ ಮೇಲೊಂದು ಓಡಿಸಿ ನೋಡಿ. 911ರಲ್ಲಿ ಎಂಜಿನ್ ಹಿಂದಿನ ಚಕ್ರಗಳಿಗಿಂತ ಹಿಂದೆ ನೇತಾಡುತ್ತಿರುತ್ತದೆ, ಮೂತಿ ಹಗುರ. ಬ್ರೇಕ್ ಮೇಲೆ ಸ್ವಲ್ಪ ಒತ್ತಡ ಉಳಿಸಿಕೊಂಡೇ ತಿರುವಿಗೆ ಇಳಿಸದಿದ್ದರೆ ಮುಂದಿನ ಟೈರ್ ಕಚ್ಚುವುದೇ ಇಲ್ಲ. ಕಚ್ಚಿದ ಮೇಲೆ ಭಯಬಿದ್ದು ಕಾಲು ತೆಗೆದರೆ ಹಿಂದಿನ ಭಾರವೆಲ್ಲ ಲೋಲಕದ ಹಾಗೆ ಬೀಸಿಕೊಂಡು ಬರುತ್ತದೆ. ಅದೇ ತಿರುವಿನಿಂದ ಹೊರಗೆ ಬರುವಾಗ ಆ ಭಾರವೇ ಟೈರ್‌ಗಳನ್ನು ನೆಲಕ್ಕೆ ಒತ್ತಿ ಹಿಡಿದು ಕಾರನ್ನು ತಳ್ಳುತ್ತದೆ. ಇದನ್ನೆಲ್ಲ ಓದಿ ತಿಳಿಯುವುದಕ್ಕಿಂತ ಅಲ್ಲಿ ಕೈಯಲ್ಲೇ ತಿಳಿಯುವುದು ಸುಲಭ.

ಅಸೆಟ್ಟೊ ಕೋರ್ಸಾದ ದೊಡ್ಡ ಆಸ್ತಿ ಮಾಡ್‌ಗಳು (ಆಡುವವರೇ ಮಾಡಿ ಸೇರಿಸುವ ಕಾರು, ಟ್ರ್ಯಾಕ್‌ಗಳು), ದೊಡ್ಡ ಗುಂಡಿಯೂ ಮಾಡ್‌ಗಳೇ. ಪುಕ್ಕಟೆ ಸಿಗುವ ಸಾವಿರಾರು ಕಾರುಗಳಲ್ಲಿ ಎಷ್ಟೋ ಕಾರುಗಳ ಹೊರಮೈ ಮಾತ್ರ ಹೊಸದು, ಒಳಗಿನ ಟೈರ್ ಅಂಕಿಗಳು ಬೇರೆ ಕಾರಿನಿಂದ ಎತ್ತಿದ್ದು. ಅಂಥದ್ದನ್ನು ಓಡಿಸಿ ಗೇಮ್‌ಗೆ ಬೈಯಬೇಡಿ. ಮೊದಲು ಕುನೋಸ್‌ನವರ ಸ್ವಂತ ಕಾರುಗಳಲ್ಲಿ ಕೈ ಪಳಗಿಸಿಕೊಳ್ಳಿ, ಆಮೇಲೆ ಯಾವ ಮಾಡ್ ಗಟ್ಟಿ, ಯಾವುದು ಪೊಳ್ಳು ಅಂತ ನಿಮಗೇ ಗೊತ್ತಾಗುತ್ತದೆ. ಮೂಲ ಗೇಮ್‌ನಲ್ಲಿ ಮಳೆ ಇಲ್ಲ, ರಾತ್ರಿ ಇಲ್ಲ, ಕಂಪ್ಯೂಟರ್ ಓಡಿಸುವ ಎದುರಾಳಿಗಳೂ ಅಷ್ಟಕ್ಕಷ್ಟೇ. ಇದರ ಮುಂದಿನ ಪೀಳಿಗೆಯಾದ ಅಸೆಟ್ಟೊ ಕೋರ್ಸಾ ಇವೊ 2025ರ ಜನವರಿಯಲ್ಲಿ ಅರ್ಲಿ ಆಕ್ಸೆಸ್‌ಗೆ (ಪೂರ್ತಿ ಮುಗಿಯುವ ಮುಂಚಿನ ಮಾರಾಟಕ್ಕೆ) ಬಂತು. ಅದನ್ನು ನೆಚ್ಚಿಕೊಂಡು ಹಳೆಯದನ್ನು ಬಿಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಅದೇ ಕುನೋಸ್‌ನವರ ಅಸೆಟ್ಟೊ ಕೋರ್ಸಾ ಕಾಂಪಿಟಿಜಿಯೋನೆ, ಎಲ್ಲರೂ ಎಸಿಸಿ ಅನ್ನುವುದು, ಪೂರ್ತಿ ರೂಪದಲ್ಲಿ 2019ರಲ್ಲಿ ಬಂತು. ಹೆಸರು ಒಂದೇ ಥರ ಇದ್ದರೂ ಆಟ ಬೇರೆ. ಇಲ್ಲಿ ಮುಖ್ಯ ಜಿಟಿ3 ಕಾರುಗಳು, ಅಂದರೆ ರಸ್ತೆಯ ಸ್ಪೋರ್ಟ್ಸ್ ಕಾರುಗಳನ್ನು ರೇಸಿಗೆ ತಯಾರು ಮಾಡಿದವು. ಟೈರ್ ಬಿಸಿಯಾದ ಮೇಲೆ ಒತ್ತಡ 26 ರಿಂದ 27 ಪಿಎಸ್‌ಐ ಆಸುಪಾಸು ಕೂರಬೇಕು, ಕೂರಲಿಲ್ಲ ಅಂದರೆ ಕಾರು ಬೇರೆಯೇ ಆಗಿಬಿಡುತ್ತದೆ. ಮಳೆ ಬಂದು ನಿಂತ ಮೇಲೆ ಎಲ್ಲರೂ ಓಡಾಡಿದ ಜಾಗ ಮೊದಲು ಒಣಗುತ್ತದೆ, ಅದರಿಂದ ಒಂದಡಿ ಹೊರಗೆ ಕಾಲಿಟ್ಟರೂ ಜಾರುಬಂಡಿ. ಇಲ್ಲಿ ಹೊಸಬರು ಮಾಡುವ ಒಂದು ಕೆಲಸ ನೋಡಿದರೆ ನನಗೆ ನಗು ಬರುತ್ತದೆ. ರಿಯಲ್ ಆಗಿ ಓಡಿಸುತ್ತೇನೆ ಅಂತ ಟ್ರ್ಯಾಕ್ಷನ್ ಕಂಟ್ರೋಲ್ (ಪವರ್ ಕೊಟ್ಟಾಗ ಚಕ್ರ ಜಾರದ ಹಾಗೆ ನೋಡುವುದು), ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡುವುದು) ಎರಡನ್ನೂ ಆಫ್ ಮಾಡುತ್ತಾರೆ. ನಿಜವಾದ ಜಿಟಿ3 ಕಾರಿನಲ್ಲಿ ಎರಡೂ ಇವೆ ಸ್ವಾಮಿ! ವೃತ್ತಿಪರರೇ ಬಳಸುತ್ತಾರೆ. ಆಫ್ ಮಾಡಬೇಕಾದದ್ದು ಸ್ಟೆಬಿಲಿಟಿ ಕಂಟ್ರೋಲ್ ಅನ್ನುವುದನ್ನು. ಅದು ನಿಜವಾದ ಕಾರಿನಲ್ಲಿ ಇಲ್ಲ, ಕಾಣದ ಕೈಯಿಂದ ಕಾರನ್ನು ನೇರ ಹಿಡಿಯುತ್ತದೆ, ಅಭ್ಯಾಸವಾದರೆ ಬಿಡಿಸಿಕೊಳ್ಳುವುದು ಕಷ್ಟ. ಜಿಟಿ3 ಇಷ್ಟ ಇದ್ದರೆ ಎಸಿಸಿ ಕಣ್ಣುಮುಚ್ಚಿ ತೆಗೆದುಕೊಳ್ಳಿ. ರಸ್ತೆ ಕಾರು, ಫಾರ್ಮುಲಾ ಕಾರು ಬೇಕು ಅಂದರೆ ಇದರಲ್ಲಿ ನಿಮಗೇನೂ ಇಲ್ಲ.

ಐರೇಸಿಂಗ್ ಶುರುವಾದದ್ದು 2008ರಲ್ಲಿ, ಕಟ್ಟಿದವರಲ್ಲಿ ಪಪೈರಸ್‌ನ ಡೇವಿಡ್ ಕೇಮರ್ ಮುಖ್ಯರು. ಮೇಲೆ ಹೇಳಿದ ಗ್ರ್ಯಾಂಡ್ ಪ್ರಿ ಲೆಜೆಂಡ್ಸ್ ಹಿಂದಿದ್ದದ್ದೂ ಅವರೇ. ಟ್ರ್ಯಾಕ್‌ಗಳನ್ನು ಲೇಸರ್‌ನಿಂದ ಅಳೆದು ಮಾಡಿರುವುದರಿಂದ ಒಂದೊಂದು ಉಬ್ಬೂ ಅದರ ಜಾಗದಲ್ಲೇ ಇರುತ್ತದೆ. ಟೈರ್ ಮಾಡೆಲ್ ಬರೀ ಗೆರೆ ಹೊಂದಿಸಿದ್ದಲ್ಲ, ರಬ್ಬರ್ ಹೇಗೆ ಹಿಗ್ಗುತ್ತದೆ, ಕಾಯುತ್ತದೆ ಅನ್ನುವುದರಿಂದಲೇ ಹಿಡಿತ ಕಂಡುಹಿಡಿಯಲು ಹೊರಟದ್ದು. ಉದ್ದೇಶ ದೊಡ್ಡದು. ಆದರೆ ಒಂದು ಸಲ ಜಾರಲು ಶುರುವಾದರೆ ಕಾರು ಕೈಗೆ ಸಿಗುವುದೇ ಇಲ್ಲ ಅನ್ನುವ ದೂರು ಬಹಳ ವರ್ಷ ಇತ್ತು, ಅಪ್‌ಡೇಟ್ ಬಂದ ಹಾಗೆ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಬರೀ ಜಾರುವಾಗಿನ ಖುಷಿಗೆ ಅಂದರೆ ನನ್ನ ಓಟು ಈಗಲೂ ಅಸೆಟ್ಟೊ ಕೋರ್ಸಾಕ್ಕೆ.

ಹಾಗಾದರೆ ಜನ ಯಾಕೆ ತಿಂಗಳು ತಿಂಗಳು ದುಡ್ಡು ಕಟ್ಟಿ ಐರೇಸಿಂಗ್ ಆಡುತ್ತಾರೆ? ಜೊತೆಗೆ ಓಡಿಸುವವರಿಗಾಗಿ. ಎಷ್ಟು ವೇಗ ಅನ್ನುವುದಕ್ಕೆ ಒಂದು ರೇಟಿಂಗ್, ಎಷ್ಟು ಶಿಸ್ತಾಗಿ ಓಡಿಸುತ್ತೀರಿ ಅನ್ನುವುದಕ್ಕೆ ಇನ್ನೊಂದು. ಬೇರೆಯವರಿಗೆ ಗುದ್ದಿದರೆ, ಟ್ರ್ಯಾಕ್ ಬಿಟ್ಟರೆ ಎರಡನೆಯದು ಇಳಿಯುತ್ತದೆ. ಅದರಿಂದಾಗಿ ಮೊದಲ ತಿರುವಿಗೆ ಎಲ್ಲರೂ ಸ್ವಲ್ಪ ತಗ್ಗಿಬಗ್ಗಿ ಹೋಗುತ್ತಾರೆ. ಅಮೆರಿಕದ ವಿಲಿಯಂ ಬೈರನ್ ಹುಡುಗನಾಗಿದ್ದಾಗ ಐರೇಸಿಂಗ್‌ನಲ್ಲಿ ಓಡಿಸುತ್ತಾ ಕಲಿತು ಆಮೇಲೆ ನಾಸ್ಕಾರ್ ಅನ್ನುವ ಅಲ್ಲಿನ ನಿಜವಾದ ಕಾರ್ ರೇಸ್‌ಗೆ ಹೋದವರು. 2024ರಲ್ಲಿ ಮಳೆಯೂ ಬಂತು, ಚೆನ್ನಾಗಿಯೇ ಬಂತು. ಒಣಗಿದ್ದಾಗ ರಬ್ಬರ್ ಮೆತ್ತಿಕೊಂಡು ಹಿಡಿತ ಕೊಡುವ ದಾರಿ ಒದ್ದೆಯಾದಾಗ ಎಲ್ಲಕ್ಕಿಂತ ಜಾರುತ್ತದೆ, ಹಾಗಾಗಿ ತಿರುವಿನ ಹೊರಗಿನ ಅಂಚು ಹುಡುಕಿಕೊಂಡು ಓಡಿಸಬೇಕು. ನಿಜವಾದ ರೇಸ್‌ನಲ್ಲೂ ಮಾಡುವುದು ಅದನ್ನೇ. ವಾರಕ್ಕೆ ಕೆಲವು ಗಂಟೆ ಖಾತ್ರಿಯಾಗಿ ಕೊಡಲು ಆಗುವುದಿಲ್ಲ ಅಂದರೆ ಈ ಕಡೆ ಬರಬೇಡಿ, ದುಡ್ಡು ದಂಡ.

ಆರ್‌ಫ್ಯಾಕ್ಟರ್ 2ರ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಟೈರ್‌ನ ಗೋಡೆ ಬಾಗುವುದು, ಒಂದೇ ಕಡೆ ಲಾಕ್ ಮಾಡಿದರೆ ಅಲ್ಲಿ ಸವೆದು ಚಪ್ಪಟೆಯಾಗಿ ಸ್ಟೀರಿಂಗ್‌ನಲ್ಲಿ ಟಕ್ ಟಕ್ ಅಂತ ತಟ್ಟುವುದು, ಇವೆಲ್ಲ ಕೈಗೆ ಬರುವ ರೀತಿ ಅದ್ಭುತ. ಆದರೆ ಮೆನುಗಳನ್ನು ನೋಡಿದರೆ ಅಳು ಬರುತ್ತದೆ, ಕಾರಿಂದ ಕಾರಿಗೆ ಗುಣಮಟ್ಟವೂ ಒಂದೇ ಸಮ ಇಲ್ಲ. ಅದೃಷ್ಟಕ್ಕೆ ಅದೇ ಅಡಿಪಾಯದ ಮೇಲೆ ಕಟ್ಟಿದ ಲೆ ಮಾನ್ಸ್ ಅಲ್ಟಿಮೇಟ್ ಬಂದಿದೆ. 2024ರ ಫೆಬ್ರವರಿಯಲ್ಲಿ ಅರ್ಲಿ ಆಕ್ಸೆಸ್, 2025ರ ಜುಲೈನಲ್ಲಿ ಪೂರ್ತಿ ಬಿಡುಗಡೆ. ಇದರಲ್ಲಿನ ಅತಿ ವೇಗದ ವರ್ಗವಾದ ಹೈಪರ್‌ಕಾರ್‌ನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಇದೆ, ಎಬಿಎಸ್ ಇಲ್ಲ. ಎಲ್‌ಎಂಜಿಟಿ3ಯಲ್ಲಿ, ಅಂದರೆ ಇಲ್ಲಿನ ಜಿಟಿ3 ವರ್ಗದಲ್ಲಿ, ಎರಡೂ ಇವೆ. ಎರಡೂ ಒಂದೇ ಟ್ರ್ಯಾಕ್‌ನಲ್ಲಿ ಒಟ್ಟಿಗೆ ಓಡುವಾಗ ಬ್ರೇಕ್ ಹಾಕುವ ಜಾಗದಲ್ಲೇ ಎರಡರ ಗುಣ ಗೊತ್ತಾಗಿಬಿಡುತ್ತದೆ. ಇವತ್ತು ಹೊಸದಾಗಿ ವೀಲ್ ಕೊಂಡವರು ಎಸಿಸಿಯಾ, ಲೆ ಮಾನ್ಸ್ ಅಲ್ಟಿಮೇಟಾ ಅಂತ ಕೇಳಿದರೆ, ಸ್ಟೀರಿಂಗ್‌ನಲ್ಲಿ ಸಿಗುವ ಮಾತಿಗಾಗಿ ನಾನು ಎರಡನೆಯದನ್ನೇ ಹೇಳುತ್ತೇನೆ.

ಬ್ರೆಜಿಲ್‌ನ ರೈಜಾ ಸ್ಟುಡಿಯೋಸ್ ಮಾಡಿದ ಆಟೋಮೊಬಿಲಿಸ್ಟಾ 2 ನೋಡಲು ಚೆಂದ, ಹಳೆಯ ಫಾರ್ಮುಲಾ ಕಾರುಗಳು ಭರ್ಜರಿ, ಮೊದಮೊದಲು ಕಾರು ತೇಲಿದ ಹಾಗೆ ಅನಿಸುತ್ತಿತ್ತು, ಈಗ ಬಹಳ ಸುಧಾರಿಸಿದೆ. ರೇಸ್‌ರೂಮ್ ಅನ್ನುವ ಇನ್ನೊಂದು ಗೇಮ್ ಸದ್ದಿಗೆ ಎತ್ತಿದ ಕೈ, ಆಡಲು ಶುರುಮಾಡುವುದಕ್ಕೆ ದುಡ್ಡು ಬೇಡ.

ಬೀಮ್‌ಎನ್‌ಜಿ ಡ್ರೈವ್ ಅನ್ನು ಬಹಳ ಜನ ಕಾರು ಗುದ್ದಿಸುವ ತಮಾಷೆ ಅಂದುಕೊಂಡಿದ್ದಾರೆ. ಉಳಿದ ಗೇಮ್‌ಗಳಲ್ಲಿ ಕಾರು ಅಂದರೆ ಒಂದು ಗಟ್ಟಿ ಪೆಟ್ಟಿಗೆ, ಅದಕ್ಕೆ ನಾಲ್ಕು ಚಕ್ರದ ಲೆಕ್ಕ. ಇಲ್ಲಿ ಕಾರು ಅಂದರೆ ನೂರಾರು ಬಿಂದುಗಳು, ಅವನ್ನು ಸೇರಿಸುವ ಬಾಗುವ ಕಡ್ಡಿಗಳು. ಸಸ್ಪೆನ್ಷನ್ ತೋಳು ನಿಜಕ್ಕೂ ಒಂದು ವಸ್ತು. ಮುಂದಿನ ಚಕ್ರವನ್ನು ಒಂದು ಕಲ್ಲಿನ ಅಂಚಿಗೆ ಓರೆಯಾಗಿ ಬಡಿಸಿ ನೋಡಿ. ಕಾರು ಓಡುತ್ತದೆ, ಆದರೆ ಸ್ಟೀರಿಂಗ್ ನೇರ ಹಿಡಿದರೂ ಒಂದು ಕಡೆಗೆ ಎಳೆಯುತ್ತಿರುತ್ತದೆ. ಒಳಗೆ ತೋಳು ಬಾಗಿದೆ, ಹೀಗಾಗುತ್ತದೆ ಅಂತ ಯಾರೂ ಬೇರೆಯಾಗಿ ಪ್ರೋಗ್ರಾಂ ಬರೆದದ್ದಲ್ಲ. ಕ್ಲಚ್ ಸುಡುವುದು, ಹಳೆ ಲಾರಿ ತಿರುವಿನಲ್ಲಿ ವಾಲುವುದು, ಕೆಟ್ಟ ರಸ್ತೆಯಲ್ಲಿ ಹಿಂದಿನ ಆಕ್ಸಲ್ ಕುಣಿಯುವುದು, ಇವುಗಳಲ್ಲಿ ಇದಕ್ಕೆ ಸಾಟಿ ಇಲ್ಲ. ಹಿಡಿತದ ತುದಿಯಲ್ಲಿ ಲ್ಯಾಪ್ ಟೈಮ್‌ಗಾಗಿ ಓಡಿಸುವಾಗ ಮಾತ್ರ ಟೈರ್ ಅಷ್ಟು ಸೂಕ್ಷ್ಮವಾಗಿ ಮಾತಾಡುವುದಿಲ್ಲ. ರೇಸ್ ಬೇಡ, ಕಾರು ಅನ್ನುವ ಯಂತ್ರ ಅರ್ಥವಾಗಬೇಕು ಅನ್ನುವವರಿಗೆ ನನ್ನ ಮೊದಲ ಆಯ್ಕೆ ಇದೇ.

ಕನ್ಸೋಲ್ ಇರುವವರ ಕಥೆ. ಗ್ರ್ಯಾನ್ ಟುರಿಸ್ಮೊ 7, 2022ರಲ್ಲಿ ಬಂದದ್ದು, ಆರ್ಕೇಡ್ ಅಂತ ಮೂಗು ಮುರಿಯುವವರಿದ್ದಾರೆ. ಅವರು ಬಹುಶಃ ರಸ್ತೆ ಕಾರಿಗೆ ರೇಸಿಂಗ್ ಸಾಫ್ಟ್ ಟೈರ್ ಹಾಕಿ ಓಡಿಸಿದವರು. ಅದನ್ನು ಕಿತ್ತು ಕಂಫರ್ಟ್ ಇಲ್ಲವೇ ಸ್ಪೋರ್ಟ್ಸ್ ಟೈರ್ ಹಾಕಿ, ಟ್ರ್ಯಾಕ್ಷನ್ ಕಂಟ್ರೋಲ್ ಸೊನ್ನೆ ಮಾಡಿ, ಕೌಂಟರ್‌ಸ್ಟಿಯರ್ (ಕಾರು ಜಾರಿದಾಗ ಎದುರು ದಿಕ್ಕಿಗೆ ಸ್ಟೀರಿಂಗ್ ಕೊಡುವ) ಸಹಾಯ ಆಫ್ ಮಾಡಿ. ಬೇರೆಯದೇ ಗೇಮ್ ಸಿಗುತ್ತದೆ. ಫೋರ್ಜಾ ಮೋಟಾರ್‌ಸ್ಪೋರ್ಟ್ 2023ರಲ್ಲಿ ಟೈರ್ ನೆಲ ಮುಟ್ಟುವ ಬಿಂದುವನ್ನು 1ರಿಂದ 8ಕ್ಕೆ ಏರಿಸಿತು, ಲೆಕ್ಕದ ವೇಗವನ್ನು 60ರಿಂದ 360 ಹರ್ಟ್ಸ್‌ಗೆ. ಮುಂಚಿನದಕ್ಕಿಂತ ಎಷ್ಟೋ ವಾಸಿ. ಕಂಟ್ರೋಲರ್ ಹಿಡಿದು ಸೋಫಾ ಮೇಲೆ ಕೂರುವವರಿಗೆ ಇವೆರಡೂ ಧಾರಾಳವಾಗಿ ಸಾಕು. ಅಲ್ಲೊಂದು ಮಾತು. ಕಂಟ್ರೋಲರ್‌ನ ಸಣ್ಣ ಕಡ್ಡಿಯಲ್ಲಿ ಯಾರೂ 900 ಡಿಗ್ರಿ ಸ್ಟೀರಿಂಗ್ ತಿರುಗಿಸಲಾರರು, ಹಾಗಾಗಿ ಎಲ್ಲ ಗೇಮೂ ನಿಮ್ಮ ಬೆರಳಿಗೂ ಚಕ್ರಕ್ಕೂ ನಡುವೆ ಒಂದು ಜರಡಿ ಹಿಡಿಯುತ್ತದೆ. ನೀವು ಹೊಗಳುವುದೂ ಬೈಯುವುದೂ ಎಷ್ಟೋ ಸಲ ಆ ಜರಡಿಯನ್ನು, ಫಿಸಿಕ್ಸ್ ಅನ್ನಲ್ಲ.

ರ‍್ಯಾಲಿ ಬೇಕಾದವರಿಗೆ ಉತ್ತರ ಸ್ವಲ್ಪ ವಿಚಿತ್ರ: 2004ರ ರಿಚರ್ಡ್ ಬರ್ನ್ಸ್ ರ‍್ಯಾಲಿ. ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷ ಆಯಿತು. ಅಭಿಮಾನಿಗಳು ಮಾತ್ರ ಕೈಬಿಟ್ಟಿಲ್ಲ, ಎನ್‌ಜಿಪಿ ಅನ್ನುವ ಹೊಸ ಫಿಸಿಕ್ಸ್ ಸೇರಿಸಿ, ಹೊಸ ಹಾದಿಗಳನ್ನು ಮಾಡಿ ಇವತ್ತಿಗೂ ಆನ್‌ಲೈನ್ ಸ್ಪರ್ಧೆ ನಡೆಸುತ್ತಾರೆ. ಜಲ್ಲಿ ಮೇಲೆ ತಿರುವಿಗೆ ಮುಂಚೆ ಕಾರನ್ನು ಎದುರು ದಿಕ್ಕಿಗೆ ಒಮ್ಮೆ ಓಲಾಡಿಸಿ ಭಾರ ಎತ್ತಿ ಹಾಕುವ ವಿದ್ಯೆ ಇದರಲ್ಲಿ ಕಲಿತ ಹಾಗೆ ಬೇರೆ ಕಡೆ ಕಲಿಯುವುದು ಕಷ್ಟ. ಇನ್‌ಸ್ಟಾಲ್ ಮಾಡುವ ತಾಳ್ಮೆ ಇಲ್ಲವಾ? 2019ರ ಡರ್ಟ್ ರ‍್ಯಾಲಿ 2.0 ತೆಗೆದುಕೊಳ್ಳಿ. ಜಲ್ಲಿಯಲ್ಲಿ ಸೊಗಸು, ಡಾಂಬರಿನಲ್ಲಿ ಸಾಧಾರಣ.

ಗೇಮ್ ಬದಲಿಸುವ ಮುಂಚೆ

ರಿಯಲ್ ಅನಿಸುತ್ತಿಲ್ಲ ಅನ್ನುವ ದೂರುಗಳಲ್ಲಿ ಅರ್ಧಕ್ಕೂ ಗೇಮ್‌ಗೂ ಸಂಬಂಧವೇ ಇರುವುದಿಲ್ಲ. ಒಳಗೆ ಗೇರ್ ಇರುವ ಸಣ್ಣ ವೀಲ್‌ಗಳಲ್ಲಿ ಮೋಟಾರ್ ಸ್ಟೀರಿಂಗ್ ತಿರುಗಿಸುವ ಬಲ 2 ನ್ಯೂಟನ್ ಮೀಟರ್ ಚಿಲ್ಲರೆ ಅಷ್ಟೇ. ಫೋರ್ಸ್ ಫೀಡ್‌ಬ್ಯಾಕ್ (ಸ್ಟೀರಿಂಗ್‌ನಲ್ಲಿ ಕೈಗೆ ಸಿಗುವ ಎಳೆತ) ಗಟ್ಟಿ ಇರಲಿ ಅಂತ ಪೂರ್ತಿ ಏರಿಸಿದರೆ, ಉದ್ದ ತಿರುವಿನಲ್ಲಿ ಮೋಟಾರ್ ತನ್ನ ಮಿತಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಮೇಲೆ ಹೇಳಿದೆನಲ್ಲ, ಸ್ಟೀರಿಂಗ್ ಹಗುರಾಗುವ ಆ ಸಣ್ಣ ಸುಳಿವು, ಅದು ಮಿತಿಯ ಮೇಲೆ ನಡೆದುಹೋಗುತ್ತದೆ, ಕೈಗೆ ಬರುವುದೇ ಇಲ್ಲ. ಆಮೇಲೆ ಗೇಮ್ ಏನೂ ಹೇಳುವುದಿಲ್ಲ ಅಂತ ಬೈಯುತ್ತೇವೆ. ಬಲ ಇಳಿಸಿ, ಸುಳಿವು ಸಿಗುತ್ತದೆ. 5 ನ್ಯೂಟನ್ ಮೀಟರ್ ಆಸುಪಾಸಿನ ಡೈರೆಕ್ಟ್ ಡ್ರೈವ್ ವೀಲ್ (ನಡುವೆ ಗೇರ್ ಇಲ್ಲದೆ ಮೋಟಾರ್‌ಗೇ ಕೂಡಿಸಿದ್ದು) ಆದರೆ ಈ ತಲೆನೋವು ಬಹುಪಾಲು ಕಮ್ಮಿ.

ಆದರೂ ಒಂದಕ್ಕೇ ದುಡ್ಡು ಹಾಕುವುದಾದರೆ ಮೊದಲು ಬ್ರೇಕ್ ಪೆಡಲ್‌ಗೆ ಹಾಕಿ, ಲೋಡ್ ಸೆಲ್ ಇರುವುದಕ್ಕೆ. ಸಾಮಾನ್ಯ ಪೆಡಲ್ ಎಷ್ಟು ದೂರ ಹೋಯಿತು ಅಂತ ಅಳೆಯುತ್ತದೆ, ಲೋಡ್ ಸೆಲ್ ಎಷ್ಟು ಬಲವಾಗಿ ಒತ್ತಿದಿರಿ ಅಂತ ಅಳೆಯುತ್ತದೆ. ಕಾಲಿಗೆ ದೂರಕ್ಕಿಂತ ಒತ್ತಡ ನೆನಪಿರುವುದು ಜಾಸ್ತಿ. ಬ್ರೇಕ್ ಹಿಡಿದುಕೊಂಡೇ ತಿರುವಿಗೆ ಇಳಿದು ಮೆಲ್ಲಗೆ ಬಿಡುತ್ತಾ ಹೋಗುವ ಕೆಲಸ ಅದಿಲ್ಲದೆ ನಿಜಕ್ಕೂ ಕಷ್ಟ.

ಕೊನೆಯದು ಪುಕ್ಕಟೆ ಸಿಗುವ ಸುಧಾರಣೆ, ಫೀಲ್ಡ್ ಆಫ್ ವ್ಯೂ, ಅಂದರೆ ಪರದೆಯಲ್ಲಿ ಗೇಮ್ ತೋರಿಸುವ ನೋಟದ ಅಗಲ. 27 ಇಂಚಿನ ಮಾನಿಟರ್ ಕಣ್ಣಿಂದ 65 ಸೆಂಟಿಮೀಟರ್ ದೂರ ಇದ್ದರೆ ಸರಿಯಾದ ನೋಟದ ಅಗಲ ಅಡ್ಡಕ್ಕೆ ಸುಮಾರು 50 ಡಿಗ್ರಿ, ಉದ್ದಕ್ಕೆ 30ರೊಳಗೆ. ಗೇಮ್‌ಗಳು ಮೊದಲಿಗೆ ಕೊಡುವುದು ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ, ಯಾಕೆಂದರೆ ಅಗಲ ಮಾಡಿದರೆ ವೇಗ ಜಾಸ್ತಿ ಕಾಣುತ್ತದೆ. ತಿರುವು ದೂರ ಕಾಣುತ್ತದೆ, ಹತ್ತಿರ ಇರುತ್ತದೆ, ಬ್ರೇಕ್ ತಡವಾಗುತ್ತದೆ, ಕಾರು ತಿರುಗುತ್ತಿಲ್ಲ ಅನಿಸುತ್ತದೆ. ಸರಿಮಾಡಿದ ಮೇಲೆ ಮೊದಲ ಕೆಲವು ದಿನ ದೂರದರ್ಶಕದಲ್ಲಿ ಇಣುಕಿದ ಹಾಗಿರುತ್ತದೆ, ಪಕ್ಕದ ಕಾರು ಕಾಣುವುದಿಲ್ಲ, ವೇಗವೇ ಇಲ್ಲ ಅನಿಸುತ್ತದೆ. ಕಣ್ಣು ಒಗ್ಗುವ ತನಕ ಹಾಗೇ ಬಿಡಿ, ಆಮೇಲೆ ಎಂಎಕ್ಸ್-5 ಪರೀಕ್ಷೆ ಇನ್ನೊಂದು ಸಲ ಮಾಡಿ.